ಕಳ್ಳತನ ಆಗಿರೋದೇ ಪೊಲೀಸ್ ಠಾಣೆಯಲ್ಲಿ

‘ಕಾಂತಾರ’ ನೋಡಿ ರಿಷಬ್ ಶೆಟ್ಟಿ ಅಭಿಮಾನಿಗಳಾದವರಲ್ಲಿ ಎಷ್ಟೋ ಜನ ‘ಬೆಲ್ ಬಾಟಂ’ ನೋಡೇ ಇಲ್ಲ. ಅಕ್ಷಯ್ ಕುಮಾರ್ ಅವರ ಹಿಂದಿ ಸಿನಿಮಾ ಅಲ್ಲ ಮಾರಾಯ್ರೇ, ಹೆಸರು ಒಂದೇ ಅನ್ನೋದು ಬಿಟ್ಟರೆ ಅದಕ್ಕೂ ಇದಕ್ಕೂ ಸಂಬಂಧವಿಲ್ಲ. ಇದು ಟಿ.ಕೆ. ದಯಾನಂದ್ ಕಥೆ ಬರೆದು, ಜಯತೀರ್ಥ ನಿರ್ದೇಶಿಸಿ, 2019ರ ಫೆಬ್ರವರಿಯಲ್ಲಿ ತೆರೆಕಂಡ ಕನ್ನಡ ಸಿನಿಮಾ. ಮೊನ್ನೆ ಮತ್ತೊಮ್ಮೆ ನೋಡಿದೆ. ತುಂಬಾ ನಕ್ಕೆ, ಅಲ್ಲಲ್ಲಿ ಸಿಟ್ಟೂ ಬಂತು.

ಕಥೆಯ ಎಳೆ ಎಷ್ಟು ಚೆಂದ ಇದೆ ನೋಡಿ. ಕಾಲ ಎಂಬತ್ತರ ದಶಕ. ದಿವಾಕರನಿಗೆ (ರಿಷಬ್ ಶೆಟ್ಟಿ) ಪತ್ತೇದಾರ ಆಗಬೇಕೆಂಬ ಹುಚ್ಚು. ಪೊಲೀಸ್ ಕೆಲಸದಲ್ಲಿರುವ ಅಪ್ಪ ಅಣ್ಣಪ್ಪನಿಗೆ ಮಗ ತನ್ನ ಹಾಗೇ ಖಾಕಿ ಹಾಕಿದರೆ ಸಾಕು. ಕೊನೆಗೆ ಮಗ ಖಾಕಿ ಹಾಕುತ್ತಾನೆ, ಆದರೆ ತಲೆ ಮಾತ್ರ ಪತ್ತೇದಾರಿ ಕಾದಂಬರಿಯಲ್ಲೇ. ಅಷ್ಟರಲ್ಲಿ ಕಳ್ಳತನ ಶುರು, ಅದೂ ಪೊಲೀಸ್ ಠಾಣೆಗಳಲ್ಲಿ! ಜಪ್ತಿ ಮಾಡಿ ಒಳಗಿಟ್ಟ ಮಾಲು ಮಾಯ, ಬೀಗ ಹಾಕಿದ್ದು ಹಾಕಿದ ಹಾಗೇ ಇದೆ.

ಇದನ್ನು ಬರೆದವರ ಜಾಣತನಕ್ಕೆ ಶಭಾಷ್ ಅನ್ನಬೇಕು. ಪೊಲೀಸರ ಮನೆಗೇ ಕನ್ನ ಬಿದ್ದರೆ ಅವರು ದೂರು ಕೊಡೋದು ಯಾರಿಗೆ? ಆ ಫಜೀತಿಯಲ್ಲಿ ನಗುವೂ ಇದೆ, ಕುತೂಹಲವೂ ಇದೆ. ಹಾಸ್ಯವನ್ನು ಬೇರೆಯಾಗಿ ತಂದು ಅಂಟಿಸುವ ಅಗತ್ಯವೇ ಬೀಳುವುದಿಲ್ಲ. ನಮ್ಮಲ್ಲಿ ಕ್ರೈಂ ಕಾಮಿಡಿ ಅಂದರೆ ಹೀರೋ ಒಂದು ಕಡೆ ತನಿಖೆ ಮಾಡುತ್ತಿರುತ್ತಾನೆ, ಹಾಸ್ಯನಟ ಇನ್ನೊಂದು ಕಡೆ ಬಿದ್ದು ಎದ್ದು ನಗಿಸುತ್ತಿರುತ್ತಾನೆ. ಇಲ್ಲಿ ಹಾಗಲ್ಲ, ತನಿಖೆಯೇ ನಗಿಸುತ್ತದೆ. ಆ ಕಾಲದಲ್ಲಿ ಮೊಬೈಲ್ ಟವರ್ ಇಲ್ಲ, ಸಿಸಿಟಿವಿ ಇಲ್ಲ, ದಿವಾಕರ ತಲೆಯನ್ನೇ ಓಡಿಸಬೇಕು. ಅವನ ತಲೆಯಲ್ಲಿ ಇರೋದು ಬರೀ ಕಾದಂಬರಿ. ಒಂದು ಕಾಲದಲ್ಲಿ ಎನ್. ನರಸಿಂಹಯ್ಯನವರ ಪತ್ತೇದಾರಿ ಪುಸ್ತಕಗಳನ್ನು ಪಠ್ಯಪುಸ್ತಕದೊಳಗೆ ಬಚ್ಚಿಟ್ಟುಕೊಂಡು ಓದಿದವರಿಗೆ, 1968ರ ಗೂಢಚಾರಿ ಸಿನಿಮಾ ‘ಜೇಡರ ಬಲೆ’ಯ ರಾಜಕುಮಾರ್‌ರನ್ನು ನೋಡಿ ತಾನೂ ಸಿಐಡಿ 999 ಅಂದುಕೊಂಡವರಿಗೆ ಈ ಹುಡುಗ ಯಾರು ಅಂತ ಬಿಡಿಸಿ ಹೇಳಬೇಕಿಲ್ಲ. (ಬೆಲ್ ಬಾಟಂ ಪ್ಯಾಂಟಿನ ನಿಜವಾದ ಭರಾಟೆ ಎಪ್ಪತ್ತರ ದಶಕದ್ದು ಅಂತ ನಮ್ಮ ಚಿಕ್ಕಪ್ಪ ತಕರಾರು ತೆಗೆದರು. ಇರಲಿ, ಚೆನ್ನಾಗಿ ಕಾಣುತ್ತೆ.)

ಅಚ್ಯುತ್ ಕುಮಾರ್ ಬಗ್ಗೆ ಎಷ್ಟು ಹೇಳಿದರೂ ಕಡಿಮೆ. ಮಗನ ಮೇಲೆ ರೇಗುತ್ತಲೇ ಒಳಗೊಳಗೆ ಹೆಮ್ಮೆಪಡುವ ಅಪ್ಪ! ಒಂದು ನೋಟದಲ್ಲೇ ಎರಡನ್ನೂ ದಾಟಿಸುತ್ತಾರೆ. ನಿರ್ದೇಶಕರಾದ ಯೋಗರಾಜ್ ಭಟ್ ಮತ್ತು ಶಿವಮಣಿಯವರನ್ನು ನಟರನ್ನಾಗಿ ತಂದದ್ದೂ ಒಳ್ಳೆ ಐಡಿಯಾ. ಶಿವಮಣಿಯವರ ‘ಮೋಡಿ ನಂಜಪ್ಪ’ ಪಾತ್ರ ತೆರೆಗೆ ಬಂದರೆ ಸಾಕು, ಏನೋ ಆಗುತ್ತೆ ಅಂತ ಕಾಯುವಂತಾಗುತ್ತದೆ. ಅರವಿಂದ್ ಕಶ್ಯಪ್ ಕ್ಯಾಮೆರಾ, ಅಜನೀಶ್ ಲೋಕನಾಥ್ ಸಂಗೀತ ಆ ಕಾಲದ ಬಣ್ಣ, ಸದ್ದನ್ನು ಕಟ್ಟಿಕೊಡುತ್ತವೆ. ಇದೇ ತಂಡದ ಹಲವರು ಆಮೇಲೆ ‘ಕಾಂತಾರ’ದಲ್ಲೂ ಇದ್ದರು.

ಇನ್ನು ಸಿಟ್ಟಿನ ವಿಷಯ. ಮುಖ್ಯ ಕಳ್ಳತನಕ್ಕೆ ಬರುವಷ್ಟರಲ್ಲಿ ಸಿನಿಮಾ ಸುಮಾರು ಹೊತ್ತು ತಿನ್ನುತ್ತದೆ. ಪಾತ್ರಗಳ ಪರಿಚಯವೇ ಮುಗಿಯುವುದಿಲ್ಲ. ಹರಿಪ್ರಿಯಾ ಅವರ ಕುಸುಮ ಇನ್ನೂ ದೊಡ್ಡ ಬೇಸರ. ಸಾರಾಯಿ ಮಾರುವ, ಯಾರಿಗೂ ಜಗ್ಗದ ಹೆಣ್ಣು ಅಂತ ಗತ್ತಿನಿಂದ ಪರಿಚಯಿಸುತ್ತಾರೆ. ಅಂಥವಳಿಗೆ ಊರಿನ ಕಳ್ಳರು, ಪೊಲೀಸರು, ಕುಡುಕರು ಎಲ್ಲರ ಗುಟ್ಟೂ ಗೊತ್ತಿರಬೇಕಲ್ಲವೇ? ತನಿಖೆಗೆ ಅವಳಿಗಿಂತ ಒಳ್ಳೆ ಜೊತೆ ಎಲ್ಲಿ ಸಿಗಬೇಕು! ಆದರೆ ಅವಳ ಬಹುಪಾಲು ಸಮಯ ಪ್ರೇಮ, ಹಾಡಿಗೇ ಹೋಗುತ್ತದೆ. ಹಾಡುಗಳು ಕೇಳೋಕೆ ಚೆಂದ, ತನಿಖೆ ಬಿಸಿಯೇರುವ ಹೊತ್ತಿಗೆ ಬೇಡವಾಗಿತ್ತು.

ಕೊನೆಯ ಗುಟ್ಟು ಇಲ್ಲಿ ಬಿಟ್ಟುಕೊಡಲ್ಲ. ಗುಟ್ಟು ಚೆನ್ನಾಗೇ ಇದೆ, ಬಿಚ್ಚಿದ ರೀತಿ ನನಗೆ ಹಿಡಿಸಲಿಲ್ಲ. ಅಲ್ಲಿಯವರೆಗೆ ತೋರಿಸುತ್ತಾ ಬಂದ ಸಿನಿಮಾ ಇದ್ದಕ್ಕಿದ್ದಂತೆ ಹೇಳಲು ಶುರುಮಾಡುತ್ತದೆ. ಪತ್ತೇದಾರಿ ಕಥೆಯಲ್ಲಿ ‘ಅಯ್ಯೋ, ಇದು ನನ್ನ ಕಣ್ಣೆದುರೇ ಇತ್ತಲ್ಲ!’ ಅಂತ ತಲೆ ಚಚ್ಚಿಕೊಳ್ಳುವ ಸುಖ ಒಂದಿದೆ. ಅದು ನನಗೆ ಅರ್ಧವೇ ಸಿಕ್ಕಿದ್ದು.

ಎರಡನೇ ಭಾಗ ಮಾಡುವುದಾಗಿ ಹಿಂದೆಯೇ ಘೋಷಿಸಿದ್ದರು. ‘ಕಾಂತಾರ’ದ ಗದ್ದಲದ ನಡುವೆ ದಿವಾಕರನಿಗೆ ಡೇಟ್ಸ್ ಯಾವಾಗ ಸಿಗುತ್ತೋ. ಮಾಡೋದಾದರೆ ಎರಡು ಹಾಡು ಕಮ್ಮಿ ಮಾಡಿ, ಕುಸುಮನ ಕೈಗೂ ಒಂದು ಕೇಸು ಕೊಡಿ. ಅಚ್ಯುತ್ ಕುಮಾರ್ ಅವರಿಗೆ ಮಾತ್ರ ಇನ್ನೂ ನಾಲ್ಕು ಸೀನು ಜಾಸ್ತಿ ಇರಲಿ.