ಒಂದೇ ಬೆರಳಿನ ಮುಖ್ಯಸ್ಥರು

ನಮ್ಮ ಕಚೇರಿಗೆ ಹೊಸ ಸಾಫ್ಟ್‌ವೇರ್ ಬಂತು. ಅದರ ಹಿಂದೆಯೇ ಹೊಸ ಕುರ್ಚಿಯೂ ಬಂತು: ಡಿಜಿಟಲ್ ಪರಿವರ್ತನೆಯ ಮುಖ್ಯಸ್ಥರು. ಕೂತವರು ಯಾರು ಅಂತ ಹೇಳಬೇಕಾಗಿಲ್ಲ. ನಿಮ್ಮಲ್ಲೂ ಅವರೇ ಕೂತಿರುತ್ತಾರೆ. ಒಂದೇ ಬೆರಳಲ್ಲಿ ಟೈಪ್ ಮಾಡುತ್ತಾರೆ. ಪಾಸ್‌ವರ್ಡನ್ನು ಚೀಟಿಯಲ್ಲಿ ಬರೆದು ಮಾನಿಟರಿಗೆ ಅಂಟಿಸುತ್ತಾರೆ. ಮೇಲ್‌ಗೆ ಫೈಲ್ ಸೇರಿಸಬೇಕಾದರೆ "ಮೇಡಂ, ಸ್ವಲ್ಪ ಬನ್ನಿ" ಅಂತ ಕೂಗುತ್ತಾರೆ.

ಮೇಡಂ ಬರುತ್ತಾರೆ. ಹದಿನೆಂಟು ವರ್ಷದಿಂದ ಬರುತ್ತಲೇ ಇದ್ದಾರೆ. ಹಳೇ ಲೆಕ್ಕವನ್ನೆಲ್ಲ ಹೊಸ ಸಾಫ್ಟ್‌ವೇರಿಗೆ ಏರಿಸಿದ್ದು ಅವರು. ಅದರ ತಪ್ಪು ಹಿಡಿದಿದ್ದು ಅವರು. ಇಡೀ ಕಚೇರಿಗೆ ಕಲಿಸಿದ್ದೂ ಅವರೇ. ಹುದ್ದೆ? ಡೇಟಾ ಎಂಟ್ರಿ.

ಅನ್ಯಾಯ ಅನ್ನಬೇಡಿ. ಸಾಹೇಬರಿಗೆ ದೂರದೃಷ್ಟಿ ಇದೆ. ಅದಕ್ಕೇ ಹತ್ತಿರದ ಸ್ಕ್ರೀನ್ ಕಾಣುವುದಿಲ್ಲ.

ಪರಂಪರೆಯೂ ಅವರ ಕಡೆಗೇ ಇದೆ. 'ಕಂಪ್ಯೂಟರ್' ಅನ್ನೋದು ಮೊದಲು ಯಂತ್ರದ ಹೆಸರೇ ಅಲ್ಲ, ಕೂತು ಲೆಕ್ಕ ಹಾಕುವವರ ಹುದ್ದೆಯ ಹೆಸರು. ಅಮೆರಿಕದ ಎನಿಯಾಕ್ ಎಂಬ, ಮೊದಮೊದಲ ಎಲೆಕ್ಟ್ರಾನಿಕ್ ಕಂಪ್ಯೂಟರ್ ಯಂತ್ರಕ್ಕೆ ಪ್ರೋಗ್ರಾಂ ಸಿದ್ಧಮಾಡಿದವರು ಆರು ಹೆಂಗಸರು. 1946ರಲ್ಲಿ ಅದನ್ನು ಲೋಕಕ್ಕೆ ತೋರಿಸಿದಾಗ ಇವರನ್ನು ಯಾರೂ ಪರಿಚಯ ಮಾಡಿಸಲಿಲ್ಲ. ಯಂತ್ರ ಕಟ್ಟೋದು ವಿದ್ಯೆ, ಪ್ರೋಗ್ರಾಂ ಬರೆಯೋದು ಗುಮಾಸ್ತಗಿರಿ ಅಂತ ಆಗಿನ ಲೆಕ್ಕ. ಮುಂದೆ ಪ್ರೋಗ್ರಾಮಿಂಗ್‌ನಲ್ಲಿ ದುಡ್ಡೂ ಇದೆ, ಹೆಸರೂ ಇದೆ ಅಂತ ಗೊತ್ತಾಯಿತು ನೋಡಿ, ಅದು ಗಂಡಸರಿಗೆ ಹುಟ್ಟಿನಿಂದಲೇ ಬಂದ ವಿದ್ಯೆಯಾಗಿಬಿಟ್ಟಿತು!

ನನಗೆ ಬಹಳ ಇಷ್ಟವಾದ ಕತೆ ಸ್ಟೆಫನಿ ಶರ್ಲಿ ಅವರದು. 1962ರಲ್ಲಿ ಬ್ರಿಟನ್ನಿನಲ್ಲಿ ಸಾಫ್ಟ್‌ವೇರ್ ಕಂಪನಿ ಶುರು ಮಾಡಿದರು. ಕೆಲಸಕ್ಕೆ ಹೆಚ್ಚಾಗಿ ಹೆಂಗಸರೇ, ಅದೂ ಮನೆಯಿಂದಲೇ. ಕೆಲಸ ಕೊಡಿ ಅಂತ ಕಂಪನಿಗಳಿಗೆ ಕಾಗದ ಬರೆದರೆ ಉತ್ತರವೇ ಇಲ್ಲ. ಗಂಡ ಹೇಳಿದರು ಅಂತ 'ಸ್ಟೀವ್' ಎಂದು ಗಂಡಸಿನ ಹೆಸರಲ್ಲಿ ಸಹಿ ಹಾಕಿದರು. ಉತ್ತರ ಬರತೊಡಗಿತು. ಅದೇ ಕೈ, ಅದೇ ಅಕ್ಷರ. ತಮಾಷೆ ಇಷ್ಟಕ್ಕೇ ಮುಗಿಯಲಿಲ್ಲ. 1975ರಲ್ಲಿ ಲಿಂಗ ತಾರತಮ್ಯ ಕೂಡದು ಅಂತ ಅಲ್ಲಿ ಕಾನೂನು ಬಂತು. ಹೆಂಗಸರಿಗೇ ಆದ್ಯತೆ ಎಂಬ ಅವರ ನೀತಿ ಕಾನೂನುಬಾಹಿರವಾಯಿತು! ಗಂಡಸರಿಗೂ ನ್ಯಾಯ ಸಿಗಬೇಕಲ್ವಾ, ಪಾಪ.

ನಮ್ಮ ಮೇಡಂಗೂ ಸ್ಟೀವ್ ಅಂತ ಸಹಿ ಹಾಕಿ ಅನ್ನೋಣವೆಂದರೆ ಬಯೋಮೆಟ್ರಿಕ್ ಅಡ್ಡ ಬರುತ್ತದೆ.

ಹೋದ ವರ್ಷ ಅವರು ಬಡ್ತಿ ಕೇಳಿದ್ದರು. "ನೀವು ಹೋದರೆ ಈ ಸೀಟು ಯಾರು ನೋಡ್ತಾರೆ?" ಅಂದರು ಮೇಲಿನವರು. ಹೊಗಳಿಕೆ ಅಂದುಕೊಂಡು ನಾವೆಲ್ಲ ನಕ್ಕೆವು. ನಾನೂ ನಕ್ಕೆ. ಈಗ ನೆನೆದರೆ ನಾಚಿಕೆಯಾಗುತ್ತದೆ. ಕೆಲಸ ಚೆನ್ನಾಗಿ ಮಾಡಿದ್ದಕ್ಕೆ ಒಬ್ಬರನ್ನು ಅಲ್ಲೇ ಕಟ್ಟಿಹಾಕಿದ್ದೇವೆ. ಅವರಿಂದ ಕಲಿತವರು ಒಬ್ಬೊಬ್ಬರಾಗಿ ಮೇಲೆ ಹೋಗಿದ್ದಾರೆ.

ಈ ವಾರ ಮುಖ್ಯಸ್ಥರು ಒಂದು ಪಟ್ಟಿ ಮಾಡುತ್ತಿದ್ದಾರೆ. ಇನ್ನು ಮುಂದೆ ಯಂತ್ರವೇ ಮಾಡಬಹುದಾದ, ಮನುಷ್ಯರು ಬೇಕಿಲ್ಲದ ಸೀಟುಗಳ ಪಟ್ಟಿ. ಮೊದಲ ಸಾಲು ಡೇಟಾ ಎಂಟ್ರಿ. ಪಟ್ಟಿಯ ಕಾಲಂಗಳು ಸರಿಯಾಗಿ ಕೂರುತ್ತಿಲ್ಲವಂತೆ. ಆಗಲೇ ಎರಡು ಸಲ ಕೂಗಿದರು, "ಮೇಡಂ, ಸ್ವಲ್ಪ ಬನ್ನಿ."