ಗುರುವಾರದ ಬೆರಳು

2019ರ ಏಪ್ರಿಲ್ 18 ಕ್ರೈಸ್ತರ ಪವಿತ್ರ ಗುರುವಾರ. ಅವತ್ತೇ ಬೆಂಗಳೂರಿನಲ್ಲಿ ಲೋಕಸಭೆಗೆ ಮತದಾನ. ದಿನಾಂಕ ಗೊತ್ತಾದ ಮೇಲೆ ಬಂದ ಭಾನುವಾರ, ಪೂಜೆ ಮುಗಿಯುತ್ತಿದ್ದ ಹಾಗೆ ಚರ್ಚ್ ಅಂಗಳದಲ್ಲಿ ಗಲಾಟೆಯೋ ಗಲಾಟೆ. "ಬೇಕೂಂತಲೇ ನಮ್ಮ ಹಬ್ಬದ ದಿನ ಇಟ್ಟಿದ್ದಾರೆ!" ಅಂತ ಎಲ್ಲರಿಗಿಂತ ಜೋರಾಗಿ ಕೂಗಿದವರು ನಮ್ಮ ಪಕ್ಕದ ಮನೆ ಅಂಕಲ್. ಪಾದ ತೊಳೆಯುವ ಪೂಜೆ ಇರೋದು ಸಂಜೆ ಆರೂವರೆಗೆ. ಮತದಾನ ಆರಕ್ಕೇ ಮುಗಿಯುತ್ತೆ. ಬೂತ್ ಇರೋದೂ ಚರ್ಚ್ ಪಕ್ಕದ ಶಾಲೆಯಲ್ಲೇ. ಇಷ್ಟು ಹೇಳಿದ್ದಕ್ಕೆ ಅಂಕಲ್ ನನ್ನನ್ನು, ಯೇಸುವಿಗೆ ದ್ರೋಹ ಮಾಡಿದ ಯೂದನನ್ನು ನೋಡಿದ ಹಾಗೆ ನೋಡಿದರು.

ಆಮೇಲೆ ಮನೆಗೆ ಹೋಗಿ ಕ್ಯಾಲೆಂಡರ್ ನೋಡಿದ್ದಾರೆ. ಬುಧವಾರ ಮಹಾವೀರ ಜಯಂತಿ, ಗುರುವಾರ ಮತದಾನದ ರಜೆ, ಶುಕ್ರವಾರ ಗುಡ್ ಫ್ರೈಡೆ, ಮತ್ತೆ ಶನಿವಾರ, ಭಾನುವಾರ. ಐದು ದಿನ! ಹಬ್ಬಕ್ಕಾದ ಅನ್ಯಾಯ ಅಲ್ಲಿಗೇ ಮರೆತುಹೋಯಿತು. ತಮಿಳುನಾಡಿನ ವೇಳಾಂಗಣಿ ಮಾತೆಯ ಚರ್ಚಿಗೆ ಗುರುವಾರ ರಾತ್ರಿಯ ಟಿಕೆಟ್ ಬುಕ್ ಆಯಿತು.

ಈ ಮಧ್ಯೆ ಅಭ್ಯರ್ಥಿಗಳು ಬಂದರು. ಚರ್ಚ್ ಒಳಗೆ ಪ್ರಚಾರ ಮಾಡಬಾರದು, ನೀತಿ ಸಂಹಿತೆ ಇದೆ. ಧರ್ಮದ ಹೆಸರಲ್ಲಿ ಮತ ಕೇಳೋ ಹಾಗೂ ಇಲ್ಲ, 1951ರ ಪ್ರಜಾಪ್ರತಿನಿಧಿ ಕಾಯ್ದೆ ಬಿಡಲ್ಲ. ಹಾಗಾಗಿ ಯಾರೂ ಏನೂ ಕೇಳಲಿಲ್ಲ. ಸುಮ್ನೆ ಗೇಟಿನ ಹೊರಗೆ ನಿಂತು ಕಂಡಕಂಡವರ ಕಾಲು ಮುಟ್ಟಿದರು. ಯೇಸುಸ್ವಾಮಿ ಹನ್ನೆರಡು ಜನರ ಪಾದ ತೊಳೆದರು. ಇವರು ಅರ್ಧ ಗಂಟೆಯಲ್ಲಿ ಇನ್ನೂರು ಜನರದ್ದು ಮುಗಿಸಿದರು. ನೀರು ಮಾತ್ರ ಇರಲಿಲ್ಲ. ನೀರಿನ ವಿಷಯ ಗೆದ್ದ ಮೇಲೆ ನೋಡೋಣ ಅಂದಿದ್ದರಲ್ಲ.

ನಮ್ಮವರಾದರೂ ಕೇಳಿದ್ದೇನು? ಸಮಾಧಿ ತೋಟಕ್ಕೆ ಕಾಂಪೌಂಡ್. ಬದುಕಿರುವವರ ಮೋರಿ, ರಸ್ತೆ, ಆಸ್ಪತ್ರೆ ಯಾರ ಬಾಯಲ್ಲೂ ಬರಲಿಲ್ಲ. ಸತ್ತವರಿಗೇನು ಓಟಿದೆಯಾ ಅಂತೀರಾ? ನೀವು ನಮ್ಮ ಏರಿಯಾದ ಮತದಾರರ ಪಟ್ಟಿ ನೋಡಿಲ್ಲ. ಹೋದ ವರ್ಷ ಮಣ್ಣು ಮಾಡಿದವರೆಲ್ಲ ಅದರಲ್ಲಿ ಆರೋಗ್ಯವಾಗಿದ್ದಾರೆ. ಹದಿನೆಂಟು ತುಂಬಿದ ಹುಡುಗರದ್ದೇ ಸುಳಿವಿಲ್ಲ. ಹೆಸರು ಸೇರಿಸಲಿ ಅಂತ ಯುವಕರ ಸಂಘಕ್ಕೆ ಒಂದು ಕಟ್ಟು ಫಾರಂ 6 ಕೊಟ್ಟಿದ್ದೆ. ಹಿಂದಿನ ಖಾಲಿ ಜಾಗದಲ್ಲಿ ತಂಬೋಲ ಲೆಕ್ಕ ಬರೆದುಕೊಂಡರು.

ಫಾದರ್ ಒಂದು ಭಾನುವಾರ ಬೈಬಲಿನ ನ್ಯಾಯಸ್ಥಾಪಕರ ಗ್ರಂಥದ 9ನೇ ಅಧ್ಯಾಯದ ಕಥೆ ಹೇಳಿದರು. ಮರಗಳೆಲ್ಲ ಸೇರಿ ರಾಜನನ್ನು ಹುಡುಕಲು ಹೊರಟವಂತೆ. ನನ್ನ ಎಣ್ಣೆ ಬಿಟ್ಟು ಬರಲ್ಲ ಅಂತು ಓಲಿವ್ ಮರ. ನನ್ನ ಸಿಹಿ ಬಿಡಲ್ಲ ಅಂತು ಅಂಜೂರ. ದ್ರಾಕ್ಷಿ ಬಳ್ಳಿಗೆ ತನ್ನ ವೈನ್‌ದೇ ಚಿಂತೆ. ಕೊನೆಗೆ ಮುಳ್ಳುಗಿಡವನ್ನು ಕೇಳಿದರೆ ಅದು ರೆಡಿಯಾಗೇ ಕೂತಿತ್ತು: "ಬನ್ನಿ, ನನ್ನ ನೆರಳಿನಲ್ಲಿ ಆಶ್ರಯ ತಗೊಳ್ಳಿ!" ಮುಳ್ಳುಗಿಡಕ್ಕೆ ನೆರಳು ಎಷ್ಟಿರುತ್ತೆ ಅಂತ ಹೊಲ ನೋಡಿದವರಿಗೆ ಗೊತ್ತು. ಹೊರಗೆ ಬಂದ ಅಂಕಲ್ ಮೆಲ್ಲಗೆ ಕೇಳಿದರು, "ಫಾದರ್ ಹೇಳಿದ ಮುಳ್ಳುಗಿಡ ಯಾವ ಪಾರ್ಟಿ?" ಬ್ಯಾಂಕಿನಿಂದ ರಿಟೈರ್ ಆದಾಗ ವಾರ್ಡ್ ಸಮಿತಿಗೆ ಬನ್ನಿ ಅಂತ ಕರೆದರೆ, "ನನ್ನ ನೆಮ್ಮದಿ ಬಿಟ್ಟು ಬರಲ್ಲಪ್ಪ" ಅಂದಿದ್ದವರು ಇವರೇ.

ಗುರುವಾರ ಬಂತು. ನಾನು ಇಪ್ಪತ್ತು ನಿಮಿಷ ನಿಂತು ಓಟು ಹಾಕಿದೆ. ಬೆಂಗಳೂರು ಉತ್ತರ, ಕೇಂದ್ರ, ದಕ್ಷಿಣ, ಮೂರರಲ್ಲಿ ಒಂದರಲ್ಲೂ ಮತದಾನ ಶೇ. 55 ಮುಟ್ಟಲಿಲ್ಲ. ಸಂಜೆ ಪೂಜೆಯಲ್ಲಿ ಮಾತ್ರ ನಾಡನ್ನು ಆಳುವವರಿಗೆ ಒಳ್ಳೆ ಬುದ್ಧಿ ಕೊಡಪ್ಪ ಅಂತ ಎಲ್ಲರೂ ಒಟ್ಟಾಗಿ ಪ್ರಾರ್ಥಿಸಿದೆವು. ಜೋರು ದನಿ ಯಾರದ್ದು ಅಂತ ತಿರುಗಿ ನೋಡಿದೆ. ಅಂಕಲ್! ಆ ಬೆರಳಲ್ಲಿ ಮಸಿ ಇರಲಿಲ್ಲ.

ಸೋಮವಾರ ಅಂಕಲ್ ಬಂದರು. ಕೈಯಲ್ಲಿ ವೇಳಾಂಗಣಿಯ ಎಣ್ಣೆ ಬಾಟಲಿ.

"ದೇಶಕ್ಕೆ ಒಳ್ಳೆ ಆಡಳಿತ ಬರಲಿ ಅಂತ ಮಾತೆಗೆ ನನ್ನಷ್ಟೆತ್ತರದ ಮೇಣದ ಬತ್ತಿ ಕೊಟ್ಟೆ ಕಣಪ್ಪ. ಏನು ಜನ ಅಂತೀಯ! ಮೂರು ಗಂಟೆ ಕ್ಯೂ!"

ಆಮೇಲೆ ನನ್ನ ಎಡಗೈ ನೋಡಿದರು. "ಇನ್ನೂ ಹೋಗಿಲ್ವಾ ಅದು? ಸ್ವಲ್ಪ ಈ ಎಣ್ಣೆ ಹಚ್ಚಿ ನೋಡು."