ಆರನೇ ಕಲಂ ಯಾರಿಗೂ ಬೇಡವಾಯ್ತಾ?

ಕೋರ್ಟಿನಿಂದ ಬಂದವನು ಊಟಕ್ಕೂ ಕೂರದೆ ಇದನ್ನು ಬರೆಯುತ್ತಿದ್ದೇನೆ. ಸಿಟ್ಟು ಆರಿದ ಮೇಲೆ ನಾನು ಬರೆಯಲ್ಲ, ನಿಮಗೆ ಗೊತ್ತಲ್ಲ.

ಹತ್ತೊಂಬತ್ತರ ಹುಡುಗ. ಬೀಗ ಹಾಕಿದ್ದ ಮನೆಗೆ ರಾತ್ರಿ ನುಗ್ಗಿ ಗ್ಯಾಸ್ ಸಿಲಿಂಡರ್, ಒಂದು ಮೊಬೈಲ್, ಸ್ವಲ್ಪ ದುಡ್ಡು ಕದ್ದಿದ್ದ. ಮೊದಲ ಕೇಸ್. ಪಹಣಿ ಹಿಡಿದು ಜಾಮೀನಿಗೆ ನಿಲ್ಲುವವರು ಸಿಗದೆ ತಿಂಗಳುಗಟ್ಟಲೆ ಒಳಗೇ ಇದ್ದ. ಇವತ್ತು ತಪ್ಪೊಪ್ಪಿಕೊಂಡ. ಇಲ್ಲಿಯವರೆಗೆ ಜೈಲಿನಲ್ಲಿ ಕಳೆದಷ್ಟೇ ಶಿಕ್ಷೆ ಅಂತಾಯ್ತು. ಐದು ನಿಮಿಷ ಹಿಡಿಯಲಿಲ್ಲ. ಅವನ ವಕೀಲರಿಗೆ ಖುಷಿ, ಸರ್ಕಾರದ ಪರ ವಾದಿಸುವ ಎಪಿಪಿಗೆ ಖುಷಿ, ಫೈಲು ಮುಗಿಯಿತಲ್ಲ, ಎಲ್ಲರಿಗೂ ಖುಷಿ.

ತಪ್ಪಿತಸ್ಥರನ್ನು ಜೈಲಿಗೆ ಹಾಕದೆ, ಸರಿಯಾಗಿ ನಡೆದುಕೊಳ್ಳುತ್ತೇನೆ ಅಂತ ಬಾಂಡ್ ಬರೆಸಿಕೊಂಡು ಬಿಡಲು 1958ರ ಪ್ರೊಬೇಷನ್ ಆಫ್ ಅಫೆಂಡರ್ಸ್ ಕಾಯ್ದೆ ಅಂತ ಒಂದಿದೆ ಅಲ್ವಾ? ಅದರ 6ನೇ ಕಲಂ ಓದಿ. ಜೀವಾವಧಿಯಂಥ ಶಿಕ್ಷೆ ಇರುವ ಅಪರಾಧ ಬಿಟ್ಟರೆ, 21 ತುಂಬದವರನ್ನು ಸುಮ್ನೆ ಜೈಲಿಗೆ ಕಳಿಸುವ ಹಾಗಿಲ್ಲ. ಮೊದಲು ಹುಡುಗ ಎಂಥವನು ಅಂತ ಪ್ರೊಬೇಷನ್ ಆಫೀಸರ್ ವಿಚಾರಿಸಿ ಕೊಡುವ ವರದಿ ತರಿಸಬೇಕು. ಜೈಲೇ ಸರಿ ಅನ್ನಿಸಿದರೆ ಕಾರಣ ಬರೆಯಬೇಕು. ಇದು ದಯೆಯ ಮಾತಲ್ಲ, ಕಾನೂನು. ಇವತ್ತು ವರದಿ ಎಲ್ಲಿತ್ತು? ಕೇಳಿದವರೇ ಇಲ್ಲ.

"ಹೇಗೂ ಹೊರಗೆ ಬಂದನಲ್ಲ ಸಾರ್, ಏನ್ ನಿಮ್ ತಕರಾರು?" ಅಂದ ಕ್ಯಾಂಟೀನಿನಲ್ಲಿ ಒಬ್ಬ ಜೂನಿಯರ್. ಹೊರಗೆ ಬಂದದ್ದು ಸಜಾ ಮುಗಿಸಿದ ಕೈದಿಯಾಗಿ ಮಾರಾಯ! ಪ್ರೊಬೇಷನ್ ಮೇಲೆ ಬಿಟ್ಟಿದ್ದರೆ, ಅಪರಾಧಿ ಅಂತ ತೀರ್ಪಾದದ್ದರಿಂದ ಬರುವ ಅನರ್ಹತೆ ಅವನಿಗೆ ಅಂಟುತ್ತಿರಲಿಲ್ಲ. 12ನೇ ಕಲಂ ಇರುವುದೇ ಅದಕ್ಕೆ. ಮೂರು ವರ್ಷದವರೆಗೆ ಬಾಂಡ್ ಬರೆಸಿಕೊಂಡು ಒಬ್ಬ ಆಫೀಸರನ್ನು ನಿಗಾಕ್ಕೆ ಇಡಬಹುದಿತ್ತು. ಕಳಕೊಂಡವರಿಗೆ ಪರಿಹಾರ ಕೊಡು ಅನ್ನಬಹುದಿತ್ತು. ಬಾಂಡ್ ಮುರಿದರೆ ಶಿಕ್ಷೆ ಹೇಗೂ ಕಾದಿರುತ್ತದೆ. ಎಳೆಯ ಹುಡುಗರು ಪಳಗಿದ ಕೈದಿಗಳ ಸಹವಾಸದಲ್ಲಿ ಕೆಡಬಾರದು ಅನ್ನುವುದೇ ಈ ಕಲಮಿನ ಉದ್ದೇಶ ಅಂತ ಸುಪ್ರೀಂ ಕೋರ್ಟ್ 1972ರ ದೌಲತ್ ರಾಮ್ ಕೇಸಿನಲ್ಲೇ ಹೇಳಿದೆ. ಈ ಹುಡುಗನಿಗೋ, ಬ್ಯಾರಕ್ಕಿನಲ್ಲಿ ಪಕ್ಕಕ್ಕೆ ಮಲಗಿದ್ದವನೇ ಪ್ರೊಬೇಷನ್ ಆಫೀಸರ್.

"ನಿಮ್ಮ ಮನೆಗೆ ಕನ್ನ ಹಾಕಿದ್ರೆ ಹೀಗೆ ಬರೀತಿದ್ರಾ?" ಅಂತ ಈಗ ಕಾಮೆಂಟ್ ಬರುತ್ತದೆ. ಹಾಕಿದ್ದಾರೆ ಸ್ವಾಮಿ. ಅಮ್ಮನ ಅವಲಕ್ಕಿ ಸರ ಹೋಯಿತು, ಇವತ್ತಿಗೂ ಸಿಕ್ಕಿಲ್ಲ. ಆವತ್ತು ಕಳ್ಳ ಕೈಗೆ ಸಿಕ್ಕಿದ್ದರೆ ನಾನೇ ನಾಲ್ಕು ಬಿಡುತ್ತಿದ್ದೆ. ಅದಕ್ಕೇ ಶಿಕ್ಷೆ ಕೊಡುವ ಕೆಲಸ ನನ್ನ ಕೈಗೆ ಕೊಟ್ಟಿಲ್ಲ.

"14 ವರ್ಷ ಹಾಕಿ" ಅನ್ನುವ ಶೂರರೂ ಇದ್ದಾರೆ. ರಾತ್ರಿ ಕನ್ನ ಕಳವಿಗೆ ಭಾರತೀಯ ನ್ಯಾಯ ಸಂಹಿತೆಯ 331ನೇ ಕಲಮಿನಲ್ಲಿ 14 ವರ್ಷದವರೆಗೆ ಅಂತ ಇರುವುದು ನಿಜ. ಆದರೆ ಪ್ರಥಮ ದರ್ಜೆ ಮ್ಯಾಜಿಸ್ಟ್ರೇಟರಿಗೆ ಮೂರು ವರ್ಷಕ್ಕಿಂತ ಜಾಸ್ತಿ ಜೈಲು ಕೊಡುವ ಅಧಿಕಾರವೇ ಇಲ್ಲ. ಅದನ್ನು ಮಾತ್ರ ವಾಟ್ಸಾಪಿನಲ್ಲಿ ಯಾರೂ ಫಾರ್ವರ್ಡ್ ಮಾಡಲ್ಲ.

ಮುಂದಿನ ವಾರ ನನ್ನದೇ ಒಂದು ಇಂಥ ಕೇಸಿದೆ. ಹುಡುಗನಿಗೆ 21 ತುಂಬಲು ಎರಡೇ ತಿಂಗಳು. 6ನೇ ಕಲಮಿಗೆ ನೋಡುವುದು ಕಳವಾದ ದಿನದ ವಯಸ್ಸನ್ನಲ್ಲ, ವಿಚಾರಣಾ ಕೋರ್ಟು ತೀರ್ಪು ಕೊಡುವ ದಿನದ ವಯಸ್ಸನ್ನು. ರಾಮ್‌ಜಿ ಮಿಸ್ಸರ್ ಕೇಸಿನಲ್ಲಿ ಅದು ತೀರ್ಮಾನವಾಗಿದೆ. ಸಾಕ್ಷಿ ಬಂದಿಲ್ಲ ಅಂತ ಎರಡು ಸಲ ಮುಂದಕ್ಕೆ ಹೋದರೆ ಮುಗೀತು. ವರದಿ ತರಿಸಿ ಅಂತ ಅರ್ಜಿ ಈಗಲೇ ಬರೆದಿಟ್ಟಿದ್ದೇನೆ. ಎಪಿಪಿ ಸಾಹೇಬರು ಆಕ್ಷೇಪಣೆಗೆ ಟೈಮ್ ಕೇಳದಿದ್ದರೆ ಸಾಕು.